ದೇವರ ಪಟದ ಹಿಂದಿನ ಹಲ್ಲಿ

ದೇವರ ಪಟದ ಹಿಂದೆ ಹುಟ್ಟಿ ಬೆಳೆದ ಮರಿಹಲ್ಲಿಗೆ ಅಜ್ಜಿಹಲ್ಲಿ ಮೊದಲು ಕಲಿಸಿದ್ದು ಒಂದೇ ಮಾತು: ನಾವು ಲೊಚಗುಟ್ಟಿದರೆ ದೇವರು ಹೂಂ ಅಂದಂತೆ. ಒಂದು ದಿನ ಮನೆಯ ಯಜಮಾನರು “ಈ ವರನಿಗೇ ಮಗಳನ್ನು ಕೊಡೋಣ” ಅನ್ನುವುದಕ್ಕೂ ಮರಿಹಲ್ಲಿ ಲೊಚಗುಟ್ಟುವುದಕ್ಕೂ ಸರಿಹೋಯಿತು. ಎಲ್ಲರೂ ಬೆರಳಿನಿಂದ ನೆಲ ತಟ್ಟಿ “ಕೃಷ್ಣ ಕೃಷ್ಣ” ಎಂದರು. ಮದುವೆ ನಿಶ್ಚಯವಾಯಿತು.

ಮರಿಹಲ್ಲಿಗೆ ಗಾಬರಿಯಾಯಿತು. “ಅಜ್ಜಿ, ನಾನು ಲೊಚಗುಟ್ಟಿದ್ದು ಬಾಯಿಗೆ ಬಂದ ಪತಂಗ ತಪ್ಪಿಹೋಯಿತಲ್ಲ ಎಂದು. ಹಾಗಾದರೆ ಹೂಂ ಅಂದವರು ಯಾರು?”

“ಹಾಗೆಲ್ಲ ಕೇಳಬಾರದು. ನಿನ್ನ ಬಾಯಿಂದ ಅವನೇ ನುಡಿಸಿದ.”

“ಪತಂಗ ತಪ್ಪಿಸಿದವನೂ ಅವನೇನಾ?”

ಅಜ್ಜಿ ಗೋಡೆಗೆ ಬಾಲ ಬಡಿಯಿತು. “ಈ ಪಟ ಬಿಟ್ಟು ಹೋದರೆ ನೀನು ಬರೀ ಹಲ್ಲಿ, ನೆನಪಿಟ್ಟುಕೋ.”

“ಹೋಗಿ ನೋಡುತ್ತೇನೆ ಅಜ್ಜಿ” ಎಂದು ಮರಿಹಲ್ಲಿ ಕಿಟಕಿ ದಾಟಿ ಹಿತ್ತಲಿನ ಗೋಡೆ ಸೇರಿತು. ಅಲ್ಲಿ ಒಮ್ಮೆ ಲೊಚಗುಟ್ಟಿ ನೋಡಿತು. ಯಾರೂ ನೆಲ ತಟ್ಟಲಿಲ್ಲ, ಯಾರ ಮದುವೆಯೂ ನಿಶ್ಚಯವಾಗಲಿಲ್ಲ. ಅದರ ಮೈ ಹಗುರವಾಯಿತು. ಇನ್ನು ದೇವರ ಪರವಾಗಿ ತಾನು ಹೂಂ ಅನ್ನಬೇಕಾಗಿರಲಿಲ್ಲ. ಬಾಯಿ ಮುಚ್ಚಿಕೊಂಡು, ಅವನೇ ಏನಾದರೂ ಅನ್ನುತ್ತಾನೇನೋ ಎಂದು ಅದು ಮೊದಲ ಸಲ ಕಿವಿಗೊಟ್ಟು ಕೂತಿತು.