ಒಪ್ಪಿಸದೆ ಇಟ್ಟ ಕೆಲಸ

ಶಾಂಭವಿಯ ಕಂಪ್ಯೂಟರ್ ಹೊಸ ಕೋಡನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಮತ್ತೆ ಒತ್ತಿದಳು. ಮತ್ತೆ ಅದೇ ಕೆಂಪು ಸಾಲು. ‘ಇಲ್ಲಿ ಮಾಡಿದ ಬದಲಾವಣೆಗಳನ್ನು ನೀವು ಇನ್ನೂ ಕಮಿಟ್ ಮಾಡಿಲ್ಲ. ಹೊಸದನ್ನು ತಂದರೆ ಅವು ಅಳಿಸಿಹೋಗುತ್ತವೆ.’

ದಾವಣಗೆರೆಯ ಆ ಸಣ್ಣ ಕಚೇರಿಯಲ್ಲಿ ಹಳ್ಳಿಯ ಹಾಲಿನ ಡೇರಿಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ಅಂದು ಬೆಳಿಗ್ಗೆಯಿಂದ ಡೇರಿಗಳ ಹಾಲು ಅಳೆಯುವ ಯಂತ್ರ ತಪ್ಪು ತೋರಿಸುತ್ತಿತ್ತು. ಯಾರ ಹಾಲು ಸುರಿದರೂ ಕೊಬ್ಬಿನಂಶ ಸೊನ್ನೆ. ಕ್ಯಾನುಗಟ್ಟಲೆ ಹಾಲು ಮನೆಗೆ ವಾಪಸಾಗಿತ್ತು. ಜೊತೆಯ ಕೆಲಸಗಾರ ತಿಪ್ಪೇಶ ತಪ್ಪನ್ನು ಹುಡುಕಿ, ತಿದ್ದಿ, ಕಚೇರಿಯ ಸರ್ವರ್‌ಗೆ ಹಾಕಿದ್ದ. ಅದನ್ನು ಇಳಿಸಿಕೊಂಡು ಡೇರಿಗಳಿಗೆ ಕಳಿಸುವುದು ಶಾಂಭವಿಯ ಪಾಲಿನ ಕೆಲಸ. ಅವಳ ಕಂಪ್ಯೂಟರಿನಿಂದ ಮಾತ್ರ ಆಗುವ ಕೆಲಸ. ಸಂಜೆ ಹಾಲು ಕರೆಯುವ ಹೊತ್ತು ಹತ್ತಿರ ಬಂದಿತ್ತು.

ಫೋನು ಬಡಿದುಕೊಂಡಿತು. ಹಳ್ಳಿಯ ಮಹಿಳಾ ಡೇರಿ ನಡೆಸುವ ಹಾಲಮ್ಮ.

“ನಮ್ಮ ಎಮ್ಮಿ ಹಾಲಿಗೆ ಸೊನ್ನೆ ಅಂತೈತಲ್ರೀ ನಿಮ್ಮ ಯಂತ್ರ! ಎಮ್ಮಿಗೆ ತಿಳಿದ್ರೆ ಒದೀತೈತಿ. ಸಂಜೆ ಹಾಲೂ ವಾಪಸ್ ಕಳಿಸಿದ್ರೆ ಹೆಂಗಸ್ರು ನನ್ನೇ ಒದೀತಾರೆ.”

“ಆಗ್ತದೆ ಹಾಲಮ್ಮ, ಈಗ ಆಗ್ತದೆ,” ಎಂದಳು ಶಾಂಭವಿ. ಆಗುತ್ತಿರಲಿಲ್ಲ.

ಅವಳ ಬಳಿ ಒಪ್ಪಿಸದ ಕೆಲಸ ರಾಶಿ ಇತ್ತು. ದೀಪಾವಳಿ ಮುಗಿದಾಗಿನಿಂದ ಅವಳು ಯಂತ್ರಕ್ಕೆ ಮಾತು ಕಲಿಸುತ್ತಿದ್ದಳು. ಓದು ಬಾರದವರು ಹಾಲು ಹಾಕಿದರೆ ಯಂತ್ರವೇ ಹೆಸರು ಕೂಗಿ, ಅಳತೆ ಹೇಳಬೇಕು. ಹಾಲಮ್ಮನಿಗೂ ಮಾತು ಕೊಟ್ಟಿದ್ದಳು. ಕೆಲಸ ಮುಕ್ಕಾಲು ಆಗಿತ್ತು. ಅವಳ ಕಂಪ್ಯೂಟರ್ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಕಮಿಟ್ ಎಂದರೆ ಮಾಡಿದ್ದಕ್ಕೆ ಹೆಸರು ಹಾಕಿ ಒಪ್ಪಿಸುವುದು. ಅದಕ್ಕೇ ಅವಳು ಹಿಂಜರಿದದ್ದು. ಆ ಕಚೇರಿಯಲ್ಲೊಂದು ರೂಢಿ. ಸಂಜೆ ಮಂಡಕ್ಕಿ ಮಿರ್ಚಿ ಬಂದಾಗ ಯಜಮಾನರಾದ ಕೊಟ್ರಪ್ಪನವರು ಅಂದು ಯಾರು ಏನು ಒಪ್ಪಿಸಿದರೆಂದು ಗಟ್ಟಿಯಾಗಿ ಓದುತ್ತಿದ್ದರು. ಉಳಿದವರು ಮಿರ್ಚಿ ಕಡಿಯುತ್ತ ಕಾಲೆಳೆಯುತ್ತಿದ್ದರು. ಅರೆಬರೆ ಕೆಲಸಕ್ಕೆ ತನ್ನ ಹೆಸರು ಓದಿಸಿಕೊಳ್ಳುವುದು ಶಾಂಭವಿಗೆ ಬೇಡವಾಗಿತ್ತು. ಪೂರ್ತಿ ಆಗಲಿ ಅಂದುಕೊಂಡಳು. ನಾಳೆ ಅಂದುಕೊಂಡಳು. ಹಾಗೇ ಉಳಿಯಿತು.

ತಿಪ್ಪೇಶ ಹಿಂದೆ ಬಂದು ನಿಂತ.

“ಅಕ್ಕ, ಬಲವಂತವಾಗಿ ಇಳಿಸ್ರಿ. ನಿಮ್ದು ಅಳಿಸಿಹೋದ್ರೆ ಹೋಗ್ಲಿ. ಮತ್ತೆ ಬರೆದ್ರಾತು.”

“ಮತ್ತೆ ಬರೆಯೋಕೆ ಅದೇನು ಮದುವೆ ಪತ್ರಿಕೆನಾ?”

ಫೋನು ಮತ್ತೆ ಬಡಿದುಕೊಂಡಿತು. ಯಾರೂ ಎತ್ತಲಿಲ್ಲ. ಹಾಲಮ್ಮನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತ ಸಾಲು ಶಾಂಭವಿಯ ಕಣ್ಣಿಗೆ ಕಟ್ಟಿತು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು.

“ಕೈ ತೆಗಿಯವ್ವ.”

ಕೊಟ್ರಪ್ಪನವರು. ಕನ್ನಡಕ ಹಣೆಗೇರಿಸಿ ಪರದೆಯನ್ನು ನೋಡಿದರು.

“ಎಷ್ಟು ಆಗೈತಿ?”

“ಮುಕ್ಕಾಲು ಸರ್. ಉದ್ದ ಹೆಸರು ಬಂದ್ರೆ ತಡವರಿಸ್ತದೆ.”

“ಅದನ್ನೇ ಬರಿ. ಹೆಸರು ಹಾಕು. ಒಪ್ಪಿಸು.”

“ಸಂಜೆ ಎಲ್ಲರ ಮುಂದೆ ಓದ್ತೀರಲ್ಲ ಸರ್…”

“ಓದ್ತೀನಿ.”

ಶಾಂಭವಿ ಬರೆದಳು. ಡೇರಿಗೆ ಹೋಗುವ ಕೋಡಿಗೆ ಅರೆಬರೆ ಕೆಲಸ ಬೆರೆಯದ ಹಾಗೆ, ಅದನ್ನು ಬೇರೆ ಕವಲಿನಲ್ಲಿ ಇಟ್ಟಳು. ತನ್ನ ಹೆಸರಿನಲ್ಲಿ ಒಪ್ಪಿಸಿದಳು. ಸರ್ವರಿನಲ್ಲೂ ಒಂದು ಪ್ರತಿ ಕೂತಿತು. ಆ ಕವಲಿನಿಂದ ಡೇರಿಯ ಕೋಡಿಗೆ ವಾಪಸು ಬಂದು ಹೊಸ ಕೋಡನ್ನು ಕರೆದಳು. ಕೆಂಪು ಸಾಲು ಬರಲಿಲ್ಲ. ತಿಪ್ಪೇಶ ತಿದ್ದಿದ್ದೆಲ್ಲ ಸರಾಗವಾಗಿ ಇಳಿಯಿತು.

ಡೇರಿಗಳಿಗೆ ಕಳಿಸಿದಳು. ಕಾದಳು.

ಫೋನು ಬಂತು. ಈ ಸಲ ಅವಳೇ ಎತ್ತಿದಳು.

“ಈಗ ನಂಬರ್ ಬಂತು ನೋಡ್ರಿ!” ಎಂದಳು ಹಾಲಮ್ಮ. ಹಿಂದೆ ಕ್ಯಾನುಗಳ ಸದ್ದು, ಹೆಂಗಸರ ಗದ್ದಲ. “ನಮ್ಮ ಎಮ್ಮಿ ಮರ್ಯಾದಿ ಉಳೀತು. ಆ ಮಾತಾಡೋ ಯಂತ್ರ ಯಾವಾಗವ್ವ?”

“ಐತೆ ಹಾಲಮ್ಮ. ಹೋಗಿಲ್ಲ. ಐತೆ.”

ಫೋನಿಟ್ಟ ಮೇಲೆ ಅವಳು ಲೋಟ ಎತ್ತಿ ನೀರನ್ನೆಲ್ಲ ಒಂದೇ ಗುಟುಕಿಗೆ ಕುಡಿದಳು.

ಮಂಡಕ್ಕಿ ಮಿರ್ಚಿ ಬಂತು. ಕೊಟ್ರಪ್ಪನವರು ಹೇಳಿದಂತೆ ಓದಿದರು.

“ಶಾಂಭವಿ. ಯಂತ್ರಕ್ಕೆ ಮಾತು. ಮುಕ್ಕಾಲು ಆಗಿದೆ. ಉದ್ದ ಹೆಸರಿಗೆ ತಡವರಿಸುತ್ತದೆ.”

“ಯಾವ ಹೆಸರಿಗೆ ಅಕ್ಕ?” ಎಂದ ತಿಪ್ಪೇಶ.

“ತಿಪ್ಪೇರುದ್ರಸ್ವಾಮಿ.”

“ಅಯ್ಯೋ, ನಮ್ಮಜ್ಜನ ಹೆಸರು! ಹಲ್ಲು ಬಿದ್ದ ಮೇಲೆ ನಮ್ಮಜ್ಜಗೇ ಹೇಳಾಕೆ ಬರ್ತಿರ್ಲಿಲ್ಲ, ಪಾಪ ಯಂತ್ರದ್ದೇನು ತಪ್ಪು?”

ಎಲ್ಲರೂ ನಕ್ಕರು. ಶಾಂಭವಿಯೂ ನಕ್ಕಳು. ತಿಪ್ಪೇಶ ಎಣ್ಣೆಗೈ ಒರೆಸಿಕೊಂಡು ಅವಳ ಪಕ್ಕಕ್ಕೆ ಕುರ್ಚಿ ಎಳೆದ. “ತೋರಿಸ್ರಿ ನೋಡಾಣ. ಹೆಸರನ್ನ ತುಂಡು ಮಾಡಿ ಓದಿಸಿದ್ರೆ?”

ಮಿರ್ಚಿ ಆರುವ ಮೊದಲೇ, ಪರೀಕ್ಷೆಗೆಂದು ಕಚೇರಿಯಲ್ಲಿಟ್ಟಿದ್ದ ಯಂತ್ರ ತಿಪ್ಪೇರುದ್ರಸ್ವಾಮಿಯ ಹೆಸರನ್ನು ತಡವರಿಸದೆ ಕೂಗಿತು.

ನೀತಿ: ಅರೆಬರೆ ಕೆಲಸವನ್ನೂ ನಿನ್ನದೆಂದು ಒಪ್ಪಿಸು. ಬಚ್ಚಿಟ್ಟ ಕೆಲಸ ಹೊಸದಕ್ಕೆ ದಾರಿ ಬಿಡದು, ತಾನೂ ಉಳಿಯದು.