ಕುಟ್ಟು ಎಂದ ಬೂಷ್ಟು

ನೀಲಗಿರಿ ತೋಪಿನ ಅತಿ ಎತ್ತರದ ಮರವನ್ನು ಮರಕುಟಿಗವೊಂದು ಮೆಲ್ಲಗೆ ಬಡಿದು, ಒಳಗೆ ಹುಳು ಅಲ್ಲಾಡುತ್ತದೆಯೇ ಎಂದು ಕಿವಿಗೊಟ್ಟಿತು. ಹುಳುವಿನ ಸದ್ದಿಲ್ಲ. ಬದಲಿಗೆ ಯಾರೋ ಮಾತಾಡಿದರು.

"ಇಲ್ಲಿ ಹುಳು ಇಲ್ಲ. ನಾನು ಬೂಷ್ಟು."

"ನೀನು ಯಾವಾಗ ಬಂದೆ?"

"ಈ ಮರ ನರ್ಸರಿಯ ಚೀಲದಲ್ಲಿ ಗೇಣುದ್ದದ ಸಸಿಯಾಗಿದ್ದಾಗ."

"ಇಷ್ಟು ವರ್ಷ ಏನು ತಿಂದೆ?"

"ಹೇಳಿಕೊಳ್ಳುವಂಥದ್ದೇನಿಲ್ಲ. ಮರ ಸೊರಗಲಿ ಎಂದು ಕಾಯುತ್ತಿದ್ದೇನೆ. ಊಟ ಆಮೇಲೆ."

ಮರ ಬೆಚ್ಚಿಬಿದ್ದಿತು. "ನನ್ನೊಳಗೇ? ಒಂದು ಎಲೆಯೂ ಬಾಡಿಲ್ಲವಲ್ಲ! ತಮ್ಮಾ, ನಿನ್ನ ಕೊಕ್ಕು ಚೂಪಾಗಿದೆ. ಕೊರೆದು ಅವನನ್ನು ಹೊರಗೆಳೆದುಬಿಡು."

ಹಕ್ಕಿ ತಲೆಯನ್ನು ಹಿಂದಕ್ಕೆಳೆದು ಬೂಷ್ಟನ್ನು ಕೇಳಿತು, "ಎಲ್ಲಿದ್ದೀಯೋ?"

"ಇಲ್ಲೇ ಇದ್ದೇನೆ. ಜೋರಾಗಿ ಕುಟ್ಟು, ಇನ್ನೂ ಆಳಕ್ಕೆ ಕುಟ್ಟು," ಎಂದಿತು ಬೂಷ್ಟು ಉತ್ಸಾಹದಿಂದ.

ಹಕ್ಕಿ ಕುಟ್ಟಲಿಲ್ಲ. "ಅಣ್ಣಾ, ನಾನು ಬಂದೆನೆಂದರೆ ಹುಳುಗಳು ಓಡುತ್ತವೆ. ಇವನು ದಾರಿ ತೋರಿಸುತ್ತಿದ್ದಾನೆ. ನಾನು ಮಾಡುವ ಗಾಯವೇ ಇವನಿಗೆ ಬೇಕು."

"ಬಾಯಿಬಡುಕ ಹಕ್ಕಿ," ಎಂದು ಬೂಷ್ಟು ಗೊಣಗಿತು.

"ಹಾಗಾದರೆ ನಾನೇನು ಮಾಡಲಿ?" ಎಂದಿತು ಮರ.

"ನನಗೆ ಕೊರೆಯುವುದೊಂದೇ ಗೊತ್ತು. ಇವನು ಕಾಯುತ್ತಿರುವುದು ನೀನು ಸೊರಗಲೆಂದು. ಸೊರಗದ ಹಾಗೆ ನೀನು ನೋಡಿಕೋ."

ಹಕ್ಕಿ ಪಕ್ಕದ ಮರಕ್ಕೆ ಹಾರಿತು. ಬೇಸಿಗೆ ಹತ್ತಿರವಾಗುತ್ತಿತ್ತು. ಮರ ಒಳಗಿನವನನ್ನು ಹೊರಗೆಳೆಸುವ ಯೋಚನೆ ಬಿಟ್ಟು, ಬೇರುಗಳನ್ನು ಇನ್ನಷ್ಟು ಕೆಳಕ್ಕೆ ಇಳಿಸಿ ನೀರು ಹುಡುಕತೊಡಗಿತು.