ಒಂಟಿ ಕಾಲಲ್ಲಿ ನಿಂತ ಕಾಳು

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅಲ್ಲಿ ಜಪಕ್ಕಿಂತ ಬೆಸುಗೆ ಜಾಸ್ತಿ.

ಕಿವಿ ಕೇಳದ ಮಕ್ಕಳಿಗಾಗಿ ಅಲ್ಲಿ ಕಿವಿಯ ಯಂತ್ರ ಮಾಡುತ್ತಿದ್ದರು. ಗುರುವಿನ ಹೆಸರು ಧರಣೇಂದ್ರಯ್ಯ, ಎಲ್ಲರ ಬಾಯಲ್ಲಿ ಅಜ್ಜಾರು.

ಉಗುರಗಲದ ಹಸಿರು ಬೋರ್ಡಿನ ಮೇಲೆ ಎಳ್ಳಿಗಿಂತ ಸಣ್ಣ ಬಿಡಿಭಾಗಗಳನ್ನು ಕೂರಿಸುವುದೇ ಅಲ್ಲಿಯ ವಿದ್ಯೆ. ಆ ಬಿಡಿಭಾಗಕ್ಕೆ ಆಶ್ರಮದವರು ಕಾಳು ಎನ್ನುತ್ತಿದ್ದರು. ಕಾಳಿನ ಎರಡು ತುದಿ ಕೂರುವ ಕಡೆ ಬೂದು ಬಣ್ಣದ ಬೆಸುಗೆ ಪೇಸ್ಟ್ ಹಚ್ಚಬೇಕು, ಮೇಲೆ ಕಾಳನ್ನಿಟ್ಟು ಬೋರ್ಡನ್ನು ಓವನ್ನಿಗೆ ಹಾಕಬೇಕು. ಪೇಸ್ಟ್ ಕರಗಿ ಕಾಳು ಕಚ್ಚಿಕೊಳ್ಳುತ್ತದೆ.

ಅಜ್ಜಾರ ಸೊಂಟದಲ್ಲಿ ಸದಾ ಕಾಳು ಹಿಡಿದು ಕೂರಿಸುವ ಒಂದು ಸಣ್ಣ ಚಿಮಟ ಇರುತ್ತಿತ್ತು. ಕಣ್ಣು ಮಂಜಾಗುತ್ತ ಬಂದಾಗ ಅವರು, ಇದನ್ನು ಇನ್ನೊಂದು ಕೈಗೆ ಕೊಡುವ ಕಾಲ ಬಂತು ಎಂದಿದ್ದರು. ಚಿಮಟ ಪಡೆದವರಿಗೆ ಅಜ್ಜಾರ ಮೇಜೂ ಸಿಗುವುದಿತ್ತು.

ಅದು ತನಗೇ ಎಂದು ಮಡಿವಾಳಪ್ಪ ನಂಬಿದ್ದ. ಎಲ್ಲರಿಗಿಂತ ಹಿರಿಯ ಶಿಷ್ಯ ಅವನು. ಅಜ್ಜಾರ ಬಟ್ಟೆ ಒಗೆದಿದ್ದ, ಬೈಗುಳ ತಿಂದಿದ್ದ, ಬೆರಳು ಸುಟ್ಟುಕೊಂಡಿದ್ದ.

ಅಷ್ಟರಲ್ಲಿ ಸಾವಂತ್ರಿ ಬಂದಳು. ಸೀರೆಗೆ ಕಸೂತಿ ಹಾಕುತ್ತಿದ್ದ ಹುಡುಗಿ. ಅವಳ ಬೋರ್ಡುಗಳು ಓವನ್ನಿನಿಂದ ಹೊರಬಂದರೆ ಕಾಳುಗಳು ಪಂಕ್ತಿಯಲ್ಲಿ ಊಟಕ್ಕೆ ಕುಳಿತ ಹಾಗೆ ಇರುತ್ತಿದ್ದವು. ಒಂದು ಸಂಜೆ ಅಜ್ಜಾರು ಅವಳ ಬೋರ್ಡನ್ನು ಬೆಳಕಿಗೆ ಹಿಡಿದು, ಈಕಿ ಕೈ ಚೊಲೋ ಐತಿ ಎಂದುಬಿಟ್ಟರು.

ಇಷ್ಟು ವರ್ಷದಲ್ಲಿ ಮಡಿವಾಳಪ್ಪನ ಕೈಗೆ ಆ ಮಾತು ಸಿಕ್ಕಿರಲಿಲ್ಲ. ಅಂದು ಅವನಿಗೆ ರೊಟ್ಟಿ ಇಳಿಯಲಿಲ್ಲ. ಅವಳು ನಕ್ಕರೆ ಉರಿಯುತ್ತಿತ್ತು, ನಗದೆ ಕೆಲಸ ಮಾಡಿದರೆ ಇನ್ನೂ ಉರಿಯುತ್ತಿತ್ತು. ಅವಳು ಅಣ್ಣಾರ ಎಂದು ಕರೆದು ಏನಾದರೂ ಕೇಳಿದರೆ, ಹರಳೆಣ್ಣೆ ಕುಡಿದವನ ಮುಖ ಮಾಡಿಕೊಂಡು ಉತ್ತರ ಕೊಡುತ್ತಿದ್ದ. ಹೊಟ್ಟೆಕಿಚ್ಚು ಎಂದರೆ ಅದೇ, ಬೇರೆ ಹೆಸರು ಅದಕ್ಕೆ ಬೇಕಿಲ್ಲ.

ಒಂದು ದಿನ ಸಾವಂತ್ರಿ ಪೇಸ್ಟ್ ಹಚ್ಚಿ, ಭೂತಗನ್ನಡಿಯಲ್ಲಿ ನೋಡಿ, ಸರಿಯಿದೆ ಎಂದುಕೊಂಡು ಕೈ ತೊಳೆಯಲು ಹೊಳೆಗೆ ಇಳಿದಳು. ಮಡಿವಾಳಪ್ಪ ಕಸಬರಿಗೆಯ ಒಂದು ಕಡ್ಡಿ ಮುರಿದ. ಒಂದು ಸಾಲಿನ ಉದ್ದಕ್ಕೂ, ಒಂದೇ ಬದಿಯ ಪೇಸ್ಟನ್ನು ಚೂರುಚೂರೇ ಕೆರೆದು ತೆಗೆದ. ಬರಿಗಣ್ಣಿಗೆ ಕಾಣುವಷ್ಟು ತೆಗೆಯಲಿಲ್ಲ, ಅಷ್ಟು ವಿದ್ಯೆ ಅವನಿಗಿತ್ತು.

ಅವಳು ಬಂದು ಕಾಳು ಇಟ್ಟಳು, ಓವನ್ನಿಗೆ ಹಾಕಿದಳು.

ಹೊರಗೆ ತೆಗೆದರೆ ಆ ಸಾಲಿನ ಕಾಳುಗಳೆಲ್ಲ ಒಂಟಿ ಕಾಲಲ್ಲಿ ಎದ್ದು ನಿಂತಿದ್ದವು. ಸಾವಂತ್ರಿಯ ಕಣ್ಣು ತುಂಬಿತು. ಮಡಿವಾಳಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಆದರೆ ಆಶ್ರಮದಲ್ಲಿ ಒಂದು ಕಟ್ಟಳೆಯಿತ್ತು. ಕೆಟ್ಟ ಬೋರ್ಡಿನ ದೋಷವನ್ನು ಮಾಡಿದವರು ಹೇಳುವಂತಿಲ್ಲ, ಇನ್ನೊಬ್ಬರು ಹುಡುಕಿ ಹೇಳಬೇಕು. ಮನುಷ್ಯ ತನ್ನ ತಪ್ಪಿಗೆ ತಾನು ಬೇಗ ನೆಪ ಕಂಡುಕೊಳ್ಳುತ್ತಾನೆ ಎಂದು ಅಜ್ಜಾರು ಮಾಡಿದ ಕಟ್ಟಳೆ ಅದು. ಖುಷಿಯಲ್ಲಿ ಮಡಿವಾಳಪ್ಪ ಅದನ್ನು ಮರೆತಿದ್ದ.

ಅಜ್ಜಾರು ಬೋರ್ಡನ್ನು ಅವನ ಮುಂದೆಯೇ ಇಟ್ಟರು.

"ಹೇಳು ಮಡಿವಾಳ. ಯಾಕ ಎದ್ದು ನಿಂತಾವ?"

ಓವನ್ ಸರಿಯಿಲ್ಲ ಎನ್ನೋಣವೆಂದರೆ ಉಳಿದ ಸಾಲುಗಳು ತಣ್ಣಗೆ ಕುಳಿತಿದ್ದವು. ಪೇಸ್ಟ್ ಹಳೆಯದು ಎನ್ನೋಣವೆಂದರೆ ಅದನ್ನು ಕಲಸಿದವನು ತಾನೇ. ಗೊತ್ತಿಲ್ಲ ಎಂದರೆ ಚಿಮಟ ಕೈಬಿಟ್ಟ ಹಾಗೆ. ಅವನು, ಒಂದು ಬದಿಗೆ ಪೇಸ್ಟ್ ಕಡಿಮೆಯಾಗಿದೆ, ಹೆಚ್ಚಿದ್ದ ಬದಿ ಕರಗಿ ಜೋರಾಗಿ ಎಳೆದುಕೊಂಡಿತು, ಇನ್ನೊಂದು ತುದಿ ಮೇಲೆದ್ದಿತು ಎಂದ. ಹಚ್ಚಿದ ಕೈ ಸರಿಯಿಲ್ಲ ಎಂದೂ ಸೇರಿಸಿದ.

ಅಜ್ಜಾರು ತಲೆಯಾಡಿಸಿದರು. ದೋಷ ಸರಿಯಾಗಿಯೇ ಹೇಳಿದ್ದ.

"ಯಾರ ಕೈ?"

ಅವರು ಅವನ ಕಡೆ ನೋಡಲೂ ಇಲ್ಲ, ಬೋರ್ಡನ್ನೇ ನೋಡುತ್ತಿದ್ದರು. ಆದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮಡಿವಾಳಪ್ಪನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಕಸಬರಿಗೆ ಕಡ್ಡಿ ಇನ್ನೂ ಅಲ್ಲೇ ಇತ್ತು.

ಸಾವಂತ್ರಿ ತಲೆ ತಗ್ಗಿಸಿ, ನನ್ನ ಕೈಯೇ ಇರಬೇಕು ಅಜ್ಜಾರ ಎನ್ನಹೊರಟಳು. ಅದನ್ನು ಅವನಿಂದ ಕೇಳಲಾಗಲಿಲ್ಲ.

"ನನ್ನ ಕೈರಿ ಅಜ್ಜಾರ," ಎಂದು ಕಡ್ಡಿಯನ್ನು ಮೇಜಿನ ಮೇಲಿಟ್ಟ.

ಅಜ್ಜಾರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವರು ಎರಡು ಬೆಸುಗೆ ಕಡ್ಡಿಗಳನ್ನು ಕಾಯಲು ಇಟ್ಟರು. ಒಂದನ್ನು ಅವನ ಕೈಗೆ, ಇನ್ನೊಂದನ್ನು ಸಾವಂತ್ರಿಯ ಕೈಗೆ ಕೊಟ್ಟು, ನಿಂತವನ್ನು ಮಲಗಿಸಿರಿ ಎಂದರು.

ಮಡಿವಾಳಪ್ಪ ಕಾಳಿನ ಬುಡಕ್ಕೆ ಬಿಸಿ ಮುಟ್ಟಿಸಿದ. ಅವಳಿಗಿಂತ ಮೊದಲೇ ಮುಟ್ಟಿಸಿದ, ಅದೂ ಅಭ್ಯಾಸಬಲ. ಬೆಸುಗೆ ಕರಗಿದ್ದೇ ಕಾಳು ಅವನ ಕಡ್ಡಿಯ ತುದಿಗೇ ಅಂಟಿಕೊಂಡು ಬಂತು.

"ನಿಲ್ರಿ ಅಣ್ಣಾರ, ನಾನೂ ಬರತೀನಿ," ಎಂದಳು ಸಾವಂತ್ರಿ.

ಅವಳ ದನಿಯಲ್ಲಿ ಸಿಟ್ಟಿತ್ತು. ಇರಬೇಕಾದದ್ದೇ. ಅವನು ಕಾಳನ್ನು ಕಡ್ಡಿಯ ತುದಿಯಿಂದಲೇ ಜಾಗಕ್ಕೆ ಇಳಿಸಿ ಈ ಸಲ ಕಾದ. ಇಬ್ಬರ ಕಡ್ಡಿಗಳೂ ಒಂದೇ ಸಲಕ್ಕೆ ಇಳಿದವು, ಒಂದು ಈ ತುದಿಗೆ, ಒಂದು ಆ ತುದಿಗೆ. ಎರಡೂ ಕಡೆ ಬೆಸುಗೆ ಹೊಳೆಯಿತು. ಸೊಟ್ಟಗಿದ್ದ ಕಾಳು ಒಮ್ಮೆ ತೇಲಿದಂತಾಗಿ, ತಾನೇ ನೆಟ್ಟಗಾಗಿ ಕುಳಿತಿತು.

ಹೀಗೇ ಇಡೀ ಸಾಲು ಮಲಗುವ ಹೊತ್ತಿಗೆ ಬಿಸಿಲು ಮೆಟ್ಟಿಲಿಳಿದು ಹೊಳೆಗೆ ಹೋಗಿತ್ತು. ಅಜ್ಜಾರು ಬೋರ್ಡನ್ನು ಯಂತ್ರಕ್ಕೆ ಜೋಡಿಸಿ ಕಿವಿಗಿಟ್ಟುಕೊಂಡರು. ನೀರಿನ ಸದ್ದು ಕೇಳಿಸಿತೋ ಏನೋ, ಕಣ್ಣು ಮುಚ್ಚಿದರು.

ಮಡಿವಾಳಪ್ಪ ನೆಲ ನೋಡುತ್ತ ನಿಂತ. ಹೇಳಬೇಕಾದದ್ದು ಗೊತ್ತಿತ್ತು. ಹೊಟ್ಟೆಕಿಚ್ಚು ಇನ್ನೂ ಆರಿರಲಿಲ್ಲ, ಆದರೂ ಹೇಳಿದ.

"ಚಿಮಟ ಸಾವಂತ್ರಿಗೆ ಕೊಡ್ರಿ ಅಜ್ಜಾರ."

ಅಜ್ಜಾರು ಕಣ್ಣು ತೆರೆದರು. ಸೊಂಟದ ಚಿಮಟ ತೆಗೆದು, ಇಬ್ಬರ ನಡುವೆ ಮೇಜಿನ ಮೇಲಿಟ್ಟರು.

"ಈಗ ಇಷ್ಟು ಕಾಳು ಕುಂದರಿಸಿದ್ರಲ್ಲ, ಆವಾಗ ಚಿಮಟ ಯಾರ ಕೈಯಾಗಿತ್ತು?"